ಬೀಗಿತ್ತಿ ಕೊಟ್ಟ ಉಂಗುರ

ಉಂಗುರ ಬೆರಳು ಬಿಟ್ಟು ಬರಲೊಲ್ಲದು. ಉರ್ಕಿಯಾ ಬೆಣ್ಣೆ ಹಚ್ಚಿದಳು, ಸೋಪು ಹಚ್ಚಿದಳು, ಕೈ ಮರಗಟ್ಟುವ ತನಕ ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತಳು. ನಲವತ್ತು ವರ್ಷ ಹಸು ಕರೆದು, ಹಿಟ್ಟು ನಾದಿ ಗಂಟು ಕಟ್ಟಿದ ಬೆರಳುಗಳು. ಅದೂ ಒಂದು ಬೆರಳಾದರೆ ಸರಿ, ಈ ಹಾಳಾದ್ದು ಎರಡು ಬೆರಳಿನಿಂದ ಒಟ್ಟಿಗೇ ಜಾರಬೇಕು. ಯಾಕೆಂದರೆ ಇದು ಬೀಗಿತ್ತಿ ಉಂಗುರ. ಕೆಳಗೆ ಎರಡು ಸುತ್ತು, ಮೇಲೆ ಎರಡಕ್ಕೂ ಸೇರಿ ಒಂದೇ ಅಗಲವಾದ ಮುಖ. ಎರಡು ಮನೆ ಒಂದಾಯಿತು ಅಂತ ಅದರ ಅರ್ಥ.

ಇಂಥ ಉಂಗುರವನ್ನು ಮದುವೆಯ ದಿನ ಯಾರೂ ಕೊಡುವುದಿಲ್ಲ. ಹೆಣ್ಣು ಹೆತ್ತವಳು ಒಂದು ವರ್ಷ ಕಾಯುತ್ತಾಳೆ. ಆಮೇಲೆ ಬಂದು ಮಗಳ ಕೆನ್ನೆ ನೋಡುತ್ತಾಳೆ, ಕಣ್ಣು ನೋಡುತ್ತಾಳೆ, ಮಗಳು ಯಾರ ಪಕ್ಕ ಕೂತು ಟೀ ಕುಡಿಯುತ್ತಾಳೆ ಅಂತ ನೋಡುತ್ತಾಳೆ. ಮನಸ್ಸು ತಣ್ಣಗಾದರೆ ಮಾತ್ರ ಅಕ್ಕಸಾಲಿಯ ಹತ್ತಿರ ಹೋಗುತ್ತಾಳೆ. ಸೊಸೆ ಶಿನಾರ್‌ಳ ತಾಯಿ ನೆಸಿಪ್‌ಬಾಲಾ ಎರಡು ವರ್ಷದ ಹಿಂದೆ ಹಾಗೆ ಬಂದು, ನೋಡಿ, ಒಂದು ಮಾತೂ ಆಡದೆ ಈ ಉಂಗುರವನ್ನು ಉರ್ಕಿಯಾಳ ಕೈಗೆ ತೊಡಿಸಿ ಹೋಗಿದ್ದಳು. ಊರಿನಲ್ಲಿ ಎಷ್ಟು ಅತ್ತೆಯರ ಕೈಯಲ್ಲಿದೆ ಇಂಥ ಉಂಗುರ? ಎಣಿಸಿದರೆ ಮೂರು. ಉರ್ಕಿಯಾ ಅವತ್ತಿನಿಂದ ಅಂಗಡಿಯಲ್ಲಿ ಉಪ್ಪು ಕೇಳುವಾಗಲೂ ಬಲಗೈಯನ್ನೇ ಮುಂದೆ ಚಾಚುತ್ತಿದ್ದಳು.

ಈಗ ಅದೇ ಉಂಗುರ ಒಲೆಯ ಮೇಲಿನ ಕಡಾಯಿಯ ತಳದಷ್ಟು ಕಪ್ಪಾಗಿ ಕೂತಿದೆ. ಎರಡು ತಿಂಗಳಿಂದ ಆ ಕೈಯನ್ನು ತಲೆವಸ್ತ್ರದ ಅಂಚಿನೊಳಗೆ ಬಚ್ಚಿಟ್ಟುಕೊಂಡು ಓಡಾಡಿದ್ದಾಯಿತು. ನಾಡಿದ್ದು ಮೊಮ್ಮಗಳ ನಲವತ್ತರ ನೀರು. ನಲವತ್ತು ದಿನ ಕಳೆದ ಕೂಸಿಗೆ ನಲವತ್ತು ಚಮಚ ನೀರು ಹಾಕುತ್ತಾರೆ, ನೀರಿನ ಬೋಗುಣಿಯಲ್ಲಿ ಬೆಳ್ಳಿ ಇರಬೇಕು. ನಿನ್ನೆ ಬೀಗಿತ್ತಿಯ ಫೋನು ಬಂದಿತ್ತು. ಬೆಟ್ಟದ ಮೇಲಿನ ಆ ಊರಿನಲ್ಲಿ ಸಿಗ್ನಲ್ ಸಿಗಬೇಕಾದರೆ ಹುಲ್ಲಿನ ಬಣವೆ ಹತ್ತಬೇಕು, ಹಾಗಾಗಿ ನೆಸಿಪ್‌ಬಾಲಾ ಯಾವಾಗಲೂ ಏದುಸಿರು ಬಿಡುತ್ತಲೇ ಮಾತಾಡುವುದು.

"ತೊಟ್ಟಿಲು ತರ್ತಿದೀನಿ, ಬೀಗಿತ್ತೀ. ನೀರಿಗೆ ಮೊದಲು ನಮ್ಮ ಉಂಗುರಾನೇ ಹಾಕ್ಬೇಕು ನೋಡಿ. ಕೂಸಿನ ಇಬ್ಬರು ಅಜ್ಜಿಯರೂ ಅದರಲ್ಲಿದಾರೆ."

"ಅಯ್ಯೋ, ಕೇಳಬೇಕಾ?" ಎಂದಿದ್ದಳು ಉರ್ಕಿಯಾ.

ಕಪ್ಪಾದದ್ದು ಹೇಗೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದೇ ಕಷ್ಟ. ಫೆಬ್ರವರಿಯಲ್ಲಿ ಮೊಣಕಾಲು ನೋವು ತಡೆಯಲಾರದೆ ಹತ್ತು ದಿನಕ್ಕೆ ಅಂತ ಅರಸನ್‌ಗೆ ಹೋಗಿದ್ದಳು. ಅರಸನ್ ಅಂದರೆ ಭೂಮಿಯೊಳಗಿಂದ ಬಿಸಿಬಿಸಿಯಾಗಿ ಉಕ್ಕುವ ಗಂಧಕದ ನೀರು, ಕೊಳೆತ ಮೊಟ್ಟೆಯ ನಾತ. ಬೆಳ್ಳಿ ಬಿಚ್ಚಿಟ್ಟು ಇಳಿಯಿರಿ ಅಂತ ಬಾಗಿಲಲ್ಲೇ ಬರೆದಿತ್ತು. ಬೀಗಿತ್ತಿ ತೊಡಿಸಿದ್ದನ್ನು ಬಿಚ್ಚುವುದುಂಟೆ ಅಂತ ಇವಳು ಹಾಗೇ ಇಳಿದಳು. ಆಗ ಸೊಸೆಗೆ ಎಂಟು ತಿಂಗಳು. "ನೀವು ಹೋಗಿ ಅತ್ತೆ, ಒಂದು ಹಸು ತಾನೆ, ನಾನು ನೋಡ್ಕೋತೀನಿ" ಎಂದವಳು ಶಿನಾರ್. ಮಗ ದಾನಿಯರ್ ಲಾರಿ ತೆಗೆದುಕೊಂಡು ಗಡಿಯ ಕಡೆ ಹೋಗಿದ್ದ. ಆರನೇ ದಿನ ಬೆಳಿಗ್ಗೆ ಹಾಲಿನ ಬಕೆಟ್ ಹಿಡಿದ ಹುಡುಗಿ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಎರಡು ದಿನ ಆಸ್ಪತ್ರೆ. ದೇವರು ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ. "ಅಮ್ಮನಿಗೆ ಹೇಳ್ಬೇಡಿ, ಬಿ.ಪಿ. ಏರುತ್ತೆ" ಎಂದಳು ಶಿನಾರ್. ಅತ್ತೆ, ಮಗ, ಸೊಸೆ ಮೂವರೂ ಬಾಯಿ ಹೊಲಿದುಕೊಂಡರು. ಅದೇ ವಾರ ಬಣವೆಯ ಮೇಲಿಂದ ನೆಸಿಪ್‌ಬಾಲಾ ಮಗಳು ಹೇಗಿದ್ದಾಳೆ ಅಂತ ಕೇಳಿದಾಗ ಉರ್ಕಿಯಾ, "ಬಕೆಟ್ ಮುಟ್ಟೋಕೂ ಬಿಡ್ತಿಲ್ಲ ನಿಮ್ಮ ಮಗಳನ್ನ" ಎಂದುಬಿಟ್ಟಿದ್ದಳು. ನಾಲಿಗೆಗೆ ಮೂಳೆ ಇಲ್ಲ ನೋಡಿ.

ಇನ್ನು ಕಪ್ಪು ಉಂಗುರ ನೋಡಿದ ಹೆಂಗಸರು ಏನನ್ನುತ್ತಾರೆ? ತೊಟ್ಟವಳ ಒಳಗಿರುವುದೇ ಬೆಳ್ಳಿಯ ಮೇಲೆ ಬರುತ್ತದೆ ಅನ್ನುತ್ತಾರೆ. ಸೊಸೆಯ ಮೇಲೆ ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡಿದ್ದಾಳೆ ಅನ್ನುತ್ತಾರೆ. ಅಲ್ಲ ಕಣ್ರೀ, ಅರಸನ್ ನೀರು ಅಂದರೆ, ಯಾವಾಗ ಹೋಗಿದ್ದೆ ಅರಸನ್‌ಗೆ ಅನ್ನುತ್ತಾರೆ. ಬಾಯಲ್ಲಿ ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಕೊನೆಗೆ ಶಿನಾರ್ ಬಂದು ರೇಷ್ಮೆ ದಾರ ಸುತ್ತಿ, ಗಂಟಿನ ಮೇಲಿಂದ ಅಲುಗಿಸಿ ಅಲುಗಿಸಿ ಉಂಗುರ ಎಳೆದಳು. ಚರ್ಮವೂ ಸ್ವಲ್ಪ ಸುಲಿಯಿತು. ಕೆಳಗೆ ಎರಡೂ ಬೆರಳಿಗೆ ಸುತ್ತ ಬೆಳ್ಳನೆಯ ಕುಳಿ ಬಿದ್ದಿತ್ತು, ದಾರ ಬಿಗಿದು ಕಟ್ಟಿದ ಹಿಟ್ಟಿನ ಮುದ್ದೆಯ ಹಾಗೆ.

"ಅತ್ತೆ, ಇದನ್ನ ಮಾಡಿದ ಎರ್ಮೆಕ್ ಅಣ್ಣನ ಅಂಗಡಿಗೇ ಕೊಟ್ಟುಬಿಡಿ. ನಮ್ಮ ಕೈಯಲ್ಲಿ ಆಗಲ್ಲ."

"ಗೊತ್ತು. ನೀನು ಕೂಸಿನ ಹತ್ತಿರ ಹೋಗು, ತಲೆ ತಿನ್ನಬೇಡ."

ಅಕ್ಕಸಾಲಿ ಎರ್ಮೆಕ್ ಸಂತೆಪೇಟೆಯ ಮೂಲೆಯಲ್ಲಿ ಕೂರುತ್ತಾನೆ. ಅವನ ಎದುರು ಮೂರು ಮದುವೆಯ ಕೆಲಸ ರಾಶಿ ಬಿದ್ದಿತ್ತು. ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದ, ಮೂಗಿನ ಹತ್ತಿರವೂ ಹಿಡಿದ.

"ಉರ್ಕಿಯಾ ಅಕ್ಕಾ, ಅರಸನ್‌ಗೆ ಹೋಗಿದ್ರಾ?"

"ಯಾರು ಹೇಳಿದ್ದು? ನಾನ್ಯಾಕೆ ಹೋಗಲಿ? ನನ್ನ ಮೊಣಕಾಲಿಗೇನಾಗಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎರ್ಮೆಕ್ ಮೊಣಕಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅವನು ಮೀಸೆಯಲ್ಲೇ ನಕ್ಕು, "ಸರಿ ಬಿಡಿ. ನೋಡಿ, ಇದರಲ್ಲಿ ಎರಡು ಕಪ್ಪಿದೆ. ಒಂದು ನಾನು ಗೆರೆಯೊಳಗೆ ತುಂಬಿದ್ದು, ಈ ಟಗರಿನ ಕೊಂಬಿನ ಚಿತ್ತಾರ. ಇನ್ನೊಂದು ನೀವು ತಂದಿದ್ದು. ನಿಮ್ಮದನ್ನ ತೆಗೀಬೇಕು, ನಂದನ್ನ ಬಿಡಬೇಕು. ಕೂತು ಮಾಡೋ ಕೆಲಸ. ಒಂದು ವಾರ ಬಿಟ್ಟು ಬನ್ನಿ" ಎಂದ.

"ಒಂದು ವಾರ! ನಾಡಿದ್ದು ನಲವತ್ತರ ನೀರು ಕಣೋ!"

"ಎರಡು ತಿಂಗಳು ಎಲ್ಲಿದ್ರಿ ಅಕ್ಕಾ? ಅರಸನ್‌ನಲ್ಲಾ?"

ಪಕ್ಕದ ಅಂಗಡಿಯ ಟೋಪಿ ಮಾರುವವಳು ಕಿಸಕ್ಕನೆ ನಕ್ಕಳು. ಉರ್ಕಿಯಾ ಅವನ ಕೈಯಿಂದ ಉಂಗುರ ಕಿತ್ತುಕೊಂಡು ಹೊರಟಳು. "ಅಕ್ಕಾ, ಮನೇಲಿ ಏನೂ ಮಾಡ್ಬೇಡಿ, ಸೋಡಕ್ಕೆ ಯಾರ ಕಪ್ಪು ಯಾವುದು ಅಂತ ಗೊತ್ತಾಗಲ್ಲ!" ಅಂತ ಅವನು ಕೂಗಿದ್ದು ಕಿವಿಗೆ ಬಿತ್ತು. ಮನಸ್ಸಿಗೆ ಇಳಿಯಲಿಲ್ಲ.

ಮನೆಗೆ ಬಂದರೆ ಪಕ್ಕದ ಮನೆಯ ಕಾನ್ಶಾ ಅಜ್ಜಿ ಚಾಪೆಯ ಮೇಲೆ ಹಾಜರು. ಈ ಬೀದಿಯ ಅಷ್ಟೂ ಕೂಸುಗಳಿಗೆ ನಲವತ್ತರ ನೀರು ಹಾಕಿದ ಕೈ ಅವಳದು, ಅಷ್ಟೂ ಮನೆಯ ಗುಟ್ಟು ತಿಳಿದ ಕಿವಿಯೂ ಅವಳದೇ. ಉಂಗುರ ನೋಡಿದ್ದೇ ಗಲ್ಲದ ಮೇಲೆ ಬೆರಳಿಟ್ಟಳು.

"ಏನೇ ಇದು? ಇದ್ದಲಿನ ತುಂಡಾಗಿದೆ! ಹೊಟ್ಟೆ ಉರಿ ಇದ್ದೋರ ಕೈಲಿ ಹೀಗಾಗುತ್ತೆ ಅಂತಾರೆ. ನಾನಲ್ಲ ಹೇಳೋದು, ಜನ ಹೇಳ್ತಾರೆ."

"ಜನದ ಬಾಯಿಗೆ ಬೂದಿ ಹಾಕ."

"ಬೂದಿನೇ ಹಾಕು, ಉಂಗುರಕ್ಕೆ. ಒಲೆ ಬೂದಿ, ಉಣ್ಣೆ ಚೂರು ತಗೊಂಡು ತಿಕ್ಕು. ನಮ್ಮತ್ತೆ ಹಂಗೇ ಮಾಡ್ತಿದ್ದಳು."

ಬೂದಿ ಹಾಕಿ ತಿಕ್ಕಿದಳು. ಕಪ್ಪು ಬೂದು ಬಣ್ಣಕ್ಕೆ ತಿರುಗಿತು, ಅಷ್ಟೇ. ಹುಳಿ ಮಜ್ಜಿಗೆಯಲ್ಲಿ ನೆನೆಸು ಅಂದಳು ಅಜ್ಜಿ. ನೆನೆಸಿದಳು, ಉಂಗುರಕ್ಕೆ ಹುಳಿ ವಾಸನೆ ಬಂತು. ಹಲ್ಲುಪುಡಿ ಹಾಕು ಅಂದಳು. ದಾನಿಯರನ ಹಳೇ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಉರ್ಕಿಯಾಳ ಭುಜ ಬಿದ್ದುಹೋಯಿತು. ಅಂಚು ಸ್ವಲ್ಪ ಬೆಳ್ಳಗಾಯಿತು, ನಡುವೆ ಅದೇ ಮಸಿ. ಊರಿಗೆಲ್ಲ ಉಪಾಯ ಹೇಳುವ ಮುದುಕಿ ಮೂರು ಬಟ್ಟಲು ಟೀ ಕುಡಿದು, "ಹೋಗಲಿ ಬಿಡೇ, ನೀರಿನಲ್ಲಿ ಯಾರು ನೋಡ್ತಾರೆ" ಅಂತ ಎದ್ದು ಹೋದಳು.

ಯಾರು ನೋಡುತ್ತಾರೆ! ನೋಡುವುದಕ್ಕೇ ಅಲ್ಲವೇ ಎಲ್ಲರೂ ಬರುವುದು? ಉರ್ಕಿಯಾಗೆ ಅಳು ಬರುವಷ್ಟು ಸಿಟ್ಟು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಉಂಗುರವೇ ಇಲ್ಲದ ಅತ್ತೆಯರು ಊರಲ್ಲಿ ಎಷ್ಟು ನೆಮ್ಮದಿಯಾಗಿದ್ದಾರೆ ಅನ್ನಿಸಿತು.

"ಅತ್ತೆ, ಇಲ್ಲೊಂದು ಉಪಾಯ ಇದೆ ನೋಡಿ." ಶಿನಾರ್ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಫೋನು ಹಿಡಿದು ಬಂದಳು. "ಬಟ್ಟಲಿಗೆ ಅಲ್ಯುಮಿನಿಯಂ ಹಾಳೆ ಹಾಸಿ, ಅಡಿಗೆ ಸೋಡ, ಉಪ್ಪು, ಕುದಿಯೋ ನೀರು. ಅಷ್ಟೇ. ಆದ್ರೆ ಚಿತ್ತಾರದ ಬೆಳ್ಳಿಗೆ ಬೇಡ ಅಂತಲೂ..."

"ಕೊಡು ಇಲ್ಲಿ."

ನೀರು ಹೊಯ್ದದ್ದೇ ತಡ, ಬಟ್ಟಲಿನಿಂದ ಭುಸ್ಸನೆ ನೊರೆ ಎದ್ದಿತು, ಜೊತೆಗೆ ಕೊಳೆತ ಮೊಟ್ಟೆಯ ನಾತ. ಥೇಟ್ ಅರಸನ್! ಉಂಗುರ ಅಲ್ಲಿ ಕುಡಿದದ್ದನ್ನೆಲ್ಲ ಇಲ್ಲಿ ಕಕ್ಕುತ್ತಿದೆಯೋ ಅನ್ನುವ ಹಾಗೆ ಮನೆಯೆಲ್ಲ ಅದೇ ವಾಸನೆ. ಉರ್ಕಿಯಾ ದಡಬಡನೆ ಕಿಟಕಿ ತೆರೆದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ಫೆಬ್ರವರಿ ನೆನಪಾಗಿತ್ತು.

ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಎತ್ತಿದರೆ ಉಂಗುರ ಬಿಳಿಯಾಗಿತ್ತು. ಆದರೆ ಮಂಕು ಬಿಳಿ, ಸುಣ್ಣ ಬಳಿದ ಹಾಗೆ. ಅಲ್ಲಿಗಾದರೂ ನಿಲ್ಲಬೇಕಿತ್ತು. ನಿಂತರೆ ಅವಳು ಉರ್ಕಿಯಾ ಹೇಗಾದಾಳು? ಮತ್ತೆ ಹಲ್ಲುಪುಡಿ, ಮತ್ತೆ ಉಣ್ಣೆ. ಪಳಪಳ ಹೊಳೆಯುವ ತನಕ ಬಿಡಲಿಲ್ಲ. ಹೊಳೆದ ಮೇಲೆ ಬೆಳಕಿಗೆ ಹಿಡಿದಳು. ಟಗರಿನ ಕೊಂಬು ಇರಲಿಲ್ಲ. ಎರ್ಮೆಕ್ ತುಂಬಿದ ಕಪ್ಪೂ ಹೋಗಿ, ಉಗುರಿನಲ್ಲಿ ಗೀರಿದಂಥ ತೆಳ್ಳನೆಯ ಗೆರೆ ಮಾತ್ರ ಉಳಿದಿತ್ತು. ಅಂಗಡಿಯಿಂದ ನಿನ್ನೆ ತಂದ ಚಮಚದ ಹಾಗೆ ಬೋಳು ಬೋಳು.

"ಕಪ್ಪು ಹೋಯ್ತಲ್ಲ," ಎಂದಳು ಶಿನಾರ್, ಮೆಲ್ಲಗೆ.

"ಹೋಯ್ತು," ಎಂದಳು ಉರ್ಕಿಯಾ. ಉಂಗುರವನ್ನು ಬೆರಳಿಗೆ ತುರುಕಿಕೊಂಡಳು. ಕಪ್ಪಿಗಿಂತ ಬಿಳಿ ವಾಸಿ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಲವತ್ತರ ನೀರಿನ ದಿನ ಹತ್ತು ಗಂಟೆಗೇ ಮನೆ ತುಂಬಿತು. ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್ ಬುಟ್ಟಿ ಬುಟ್ಟಿ ಖಾಲಿಯಾಗುತ್ತಿತ್ತು, ಕುರಿಯ ಮಾಂಸ ಕಡಾಯಿಯಲ್ಲಿ ಕುದಿಯುತ್ತಿತ್ತು. ಅದರ ಸಾರಿನಲ್ಲೇ ಬೇಯಿಸುವ ಚಪಾತಿಯಂಥ ಹಾಳೆಗಳಿಗೆ ಹಿಟ್ಟು ಕಲಸಿಟ್ಟಾಗಿತ್ತು, ಲಟ್ಟಿಸುವುದು ಬಾಕಿ. ನೆಸಿಪ್‌ಬಾಲಾ ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಬಣ್ಣದ ತೊಟ್ಟಿಲನ್ನು ಕಾರಿನ ಚಾಲಕನ ಕೈಯಲ್ಲಿ ಹೊರಿಸಿಕೊಂಡು ಬಂದಳು. ಬೀಗಿತ್ತಿಯರು ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು. ಕಾನ್ಶಾ ಅಜ್ಜಿ ಬೋಗುಣಿಗೆ ಬೆಚ್ಚನೆಯ ನೀರು ಹೊಯ್ದು, ಮರದ ಚಮಚ ಕೈಗೆತ್ತಿಕೊಂಡು, "ಬೆಳ್ಳಿ ಹಾಕ್ರೇ" ಎಂದಳು.

ಉರ್ಕಿಯಾ ಬಲಗೈ ಚಾಚಿದಳು. ನೆಸಿಪ್‌ಬಾಲಾ ಆ ಕೈಯನ್ನು ಹಿಡಿದುಕೊಂಡಳು. ಮುಖಕ್ಕೆ ಹತ್ತಿರ ತಂದಳು. ಹೆಬ್ಬೆರಳಿನಿಂದ ಉಂಗುರದ ಮೇಲೆ ಒಮ್ಮೆ ಸವರಿದಳು. ಕಣ್ಣಿಗೆ ಹೊಡೆದದ್ದು ಹೊಳಪು ಮಾತ್ರ, ಚಿತ್ತಾರ ಇದೆಯೋ ಇಲ್ಲವೋ ಅಂತ ಅವಳು ಹುಡುಕಲಿಲ್ಲ.

"ಬೀಗಿತ್ತೀ, ಪೆಟ್ಟಿಗೆಯಿಂದ ಈಗ ತೆಗೆದ್ರಾ?"

"ಅಂದ್ರೆ?"

"ಎರಡು ವರ್ಷ ಆಯ್ತು. ಇನ್ನೂ ನಿನ್ನೆ ಮೊನ್ನೆ ಮಾಡಿಸಿದ ಹಾಗಿದೆ. ಒಂದು ದಿನಾನೂ ಕೈಗೇರಿಲ್ಲ ಅಂತ ಕಾಣುತ್ತೆ. ಇರಲಿ ಬಿಡಿ. ನಮ್ಮದು ಬೆಟ್ಟದ ಊರು, ನಮ್ಮ ಬೆಳ್ಳಿ ನಿಮಗೆ ಒಪ್ಪದೇ ಇರಬಹುದು."

ಹೆಂಗಸರು ಟೀ ಬಟ್ಟಲು ಕೆಳಗಿಟ್ಟರು. ಉರ್ಕಿಯಾ ಸುಮ್ಮನಿದ್ದರೆ ಗುಟ್ಟು ಉಳಿಯುತ್ತಿತ್ತು. ಒಂದು ಅವಮಾನ ನುಂಗಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ವರ್ಷ! ಎರಡು ವರ್ಷ ಈ ಉಂಗುರದ ಕೈಯಲ್ಲಿ ನಾದದ ಹಿಟ್ಟಿಲ್ಲ, ಕರೆಯದ ಹಾಲಿಲ್ಲ. ಮೊನ್ನೆಯಿಡೀ ಭುಜ ಬೀಳುವ ತನಕ ತಿಕ್ಕಿದ್ದು ಇದನ್ನು ಕೇಳಿಸಿಕೊಳ್ಳುವುದಕ್ಕಾ?

"ಕೈಗೇರಿಲ್ವಾ? ಏನಮ್ಮಾ ಹೇಳ್ತೀರಾ ನೀವು! ಮಲಗುವಾಗ ಬಿಚ್ಚಲಿಲ್ಲ, ಹಿಟ್ಟು ಕಲಸುವಾಗ ಬಿಚ್ಚಲಿಲ್ಲ. ಅರಸನ್ ನೀರಲ್ಲಿ ಬೆಳ್ಳಿ ಬಿಚ್ಚಿಡಿ ಅಂತ ಬೋರ್ಡ್ ಹಾಕಿದ್ರೂ ಬಿಚ್ಚಲಿಲ್ಲ! ಅದಕ್ಕೇ ಮಸಿಯಾಯ್ತು, ಅದಕ್ಕೇ ತಿಕ್ಕಿ ತಿಕ್ಕಿ ಸತ್ತೆ!"

ಬಾಯಿ ಬಿಟ್ಟರೆ ಬಣ್ಣಗೇಡು.

"ಅರಸನ್‌ಗೆ ಯಾವಾಗ ಹೋಗಿದ್ರಿ?" ನೆಸಿಪ್‌ಬಾಲಾ ಕೈ ಬಿಟ್ಟಿರಲಿಲ್ಲ.

ಉರ್ಕಿಯಾ ಸೊಸೆಯ ಕಡೆ ನೋಡಿದಳು. ಸೊಸೆ ತಲೆ ತಗ್ಗಿಸಿದ್ದಳು. ಇನ್ನೊಂದು ಸುಳ್ಳು ಹುಡುಕುವ ಶಕ್ತಿ ಉರ್ಕಿಯಾಗೆ ಇರಲಿಲ್ಲ.

"ಫೆಬ್ರವರಿಲಿ. ಹೌದು, ಎಂಟು ತಿಂಗಳಾಗಿತ್ತು ನಿಮ್ಮ ಮಗಳಿಗೆ. ಬಿಟ್ಟು ಹೋಗಿದ್ದೆ. ಹಾಲಿನ ಬಕೆಟ್ ಹಿಡ್ಕೊಂಡು ಬಿದ್ದಳು. ಎರಡು ದಿನ ಆಸ್ಪತ್ರೆಲಿದ್ದಳು. ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು. ಹೇಳ್ಬಿಟ್ಟೆ, ಇನ್ನು ಏನು ಮಾಡ್ತೀರೋ ಮಾಡಿ."

ನೆಸಿಪ್‌ಬಾಲಾಳ ಮುಖದ ರಕ್ತ ಇಳಿಯಿತು. ಅವಳು ಉಂಗುರ ಹಿಡಿದು ಎಳೆದಳು. ಅದು ಬರಲಿಲ್ಲ. ಮತ್ತೆ ಎಳೆದಳು. ನೋವಿಗೆ ಉರ್ಕಿಯಾ ತುಟಿ ಕಚ್ಚಿದಳೇ ಹೊರತು ಕೈ ಹಿಂದೆಗೆಯಲಿಲ್ಲ. ಉಂಗುರ ಕಡೆಗೂ ಗಂಟು ದಾಟಿತು. ಅದರ ಕೆಳಗಿದ್ದ ಎರಡು ಕುಳಿಗಳನ್ನು, ಸುಲಿದ ಚರ್ಮವನ್ನು ನೆಸಿಪ್‌ಬಾಲಾ ಒಂದು ಗಳಿಗೆ ನೋಡಿದಳು. ನೋಡಿಯೂ ಉಂಗುರವನ್ನು ಬೋಗುಣಿಗೆ ಹಾಕಿಬಿಟ್ಟಳು.

ಅದರ ಅರ್ಥ ಎಲ್ಲರಿಗೂ ಗೊತ್ತಾಯಿತು. ನಲವತ್ತರ ನೀರಿಗೆ ಬಿದ್ದ ಬೆಳ್ಳಿ ಹಾಕಿದವರಿಗೆ ಮರಳುವುದಿಲ್ಲ. ಬಂದ ಹೆಂಗಸರಿಗೆ ಹಂಚಿಹೋಗುತ್ತದೆ. ಬಾಣಂತಿಯ ತಾಯಿ ಬೇಕಾದರೆ ಒಂದನ್ನು ಎತ್ತಿ ಬೇಕಾದವರಿಗೆ ಕೊಡಬಹುದು. ಈ ಗುಟ್ಟು ಹೊರಬೀಳದಿದ್ದರೆ ಅದು ಉರ್ಕಿಯಾಳ ಕೈಗೇ ಬರುತ್ತಿತ್ತು. ಈಗ ಯಾರಿಗೆ ಗೊತ್ತು?

ಉಳಿದ ಹೆಂಗಸರು ತಂದ ನಾಣ್ಯ, ಬಳೆಗಳೂ ಬೋಗುಣಿಗೆ ಬಿದ್ದವು, ಕಾನ್ಶಾ ಅಜ್ಜಿ ನೀರು ಹಾಕತೊಡಗಿದಳು. ಒಂದು, ಎರಡು, ಮೂರು. ಹೆಂಗಸರು ಕೂಡಿ ಎಣಿಸಿದರು. ಉರ್ಕಿಯಾ ಬರಿದಾದ ಎರಡು ಬೆರಳುಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದಳು. ಇಪ್ಪತ್ತನೇ ಚಮಚದ ಹೊತ್ತಿಗೆ ಕೂಸು ಅತ್ತಿತು. ನಲವತ್ತಕ್ಕೆ ಸುಮ್ಮನಾಯಿತು.

ನೆಸಿಪ್‌ಬಾಲಾ ನೀರಿನಿಂದ ನಾಣ್ಯ ಎತ್ತಿ ಒಬ್ಬೊಬ್ಬರಿಗೆ ಕೊಟ್ಟಳು. ಕಾನ್ಶಾ ಅಜ್ಜಿಗೆ ಒಂದು ಬಳೆ ಹೋಯಿತು. ಕೊನೆಗೆ ಉಂಗುರ ಉಳಿಯಿತು. ಅದನ್ನು ಹಿಡಿದುಕೊಂಡು ಅವಳು ಮಗಳ ಕಡೆ ತಿರುಗಿದಳು.

"ಮಗಳನ್ನ ಚೆನ್ನಾಗಿ ನೋಡ್ಕೊಂಡೋರಿಗೆ ಅಂತ ಕೊಟ್ಟಿದ್ದೆ. ಅದನ್ನ ಕಣ್ಣಾರೆ ಕಂಡಿದ್ದು ನಾನಲ್ಲ, ನೀನು. ನೀನೇ ಕೊಡು ಯಾರಿಗೆ ಕೊಡ್ತೀಯೋ."

ಶಿನಾರ್ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಎದ್ದಳು. ಉಂಗುರವನ್ನು ಲಂಗಕ್ಕೆ ಒರೆಸಿದಳು.

"ಅಮ್ಮಾ, ಹೋಗಿ ಅಂತ ಕಳಿಸಿದ್ದು ನಾನೇ. ನಿಂಗೆ ಹೇಳ್ಬೇಡಿ ಅಂದಿದ್ದೂ ನಾನೇ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಆದ್ರೆ ನೀವು ಹೋಗಬಾರದಿತ್ತು ಅತ್ತೆ. ನಾನು ಬಾಯಿಮಾತಿಗೆ ಹೋಗಿ ಅಂದ್ರೆ ಹೋಗೇಬಿಡೋದಾ? ಮಂಜಿನ ಮೇಲೆ ಬಿದ್ದುಕೊಂಡು ನಿಮ್ಮನ್ನೇ ಕೂಗಿದೆ ನಾನು. ನಮ್ಮಮ್ಮನ್ನ ಕೂಗಲಿಲ್ಲ."

ಉರ್ಕಿಯಾ ಎರಡು ತಿಂಗಳಿಂದ ಬೀಗಿತ್ತಿಗೆ ಹೆದರಿದ್ದಳು, ಊರಿಗೆ ಹೆದರಿದ್ದಳು. ಒಂದೇ ಸೂರಿನಡಿ ಇದ್ದ ಈ ಹುಡುಗಿಗೆ ಸಿಟ್ಟಿದೆಯಾ ಅಂತ ಒಂದು ದಿನ ಕೇಳಿರಲಿಲ್ಲ.

"ಸಿಟ್ಟಿದೆ ನಂಗೆ," ಎಂದಳು ಶಿನಾರ್, ಕೇಳಿಸಿಕೊಂಡವಳ ಹಾಗೆ. "ಇವತ್ತಿಗೂ ಇದೆ. ಬಸ್ ಸಿಗದೆ ಕಲ್ಲಿದ್ದಲು ಲಾರಿ ಹತ್ತಿ ಬಂದು, ಎರಡು ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ರಿ, ಅದೂ ನೆನಪಿದೆ. ಕೈ ಕೊಡಿ."

"ಬೇಡಮ್ಮಾ..."

"ಕೈ ಕೊಡಿ ಅತ್ತೆ. ಸಿಟ್ಟು ಬಂತು ಅಂತ ಕಾನ್ಶಾ ಅಜ್ಜಿಗೆ ಕೊಡೋಕಾಗುತ್ತಾ?"

"ಕೊಟ್ಟರೆ ನಾನೇನು ಬೇಡ ಅಂತೀನಾ?" ಎಂದಳು ಕಾನ್ಶಾ ಅಜ್ಜಿ. ಯಾರೋ ನಕ್ಕರು. ಶಿನಾರ್ ಉಂಗುರವನ್ನು ಅದೇ ಎರಡು ಕುಳಿಗಳ ಮೇಲೆ ಕೂರಿಸಿದಳು. ಉರ್ಕಿಯಾಳ ಕಣ್ಣಿನಿಂದ ದಳದಳ ನೀರು ಇಳಿಯಿತು, ಒರೆಸಿಕೊಳ್ಳುವ ಬಿಂಕವನ್ನೂ ಮಾಡಲಿಲ್ಲ.

ನೆಸಿಪ್‌ಬಾಲಾ ನಗಲಿಲ್ಲ. ಅವಳ ಸಿಟ್ಟು ಇಳಿಯುವುದಕ್ಕೆ ಇನ್ನೂ ದಿನ ಬೇಕಿತ್ತು. ಮೊಮ್ಮಗಳನ್ನು ಎದೆಗೊತ್ತಿಕೊಂಡು, ಬೀಗಿತ್ತಿಯ ಮುಖ ನೋಡದೆ ಹೇಳಿದಳು:

"ಇನ್ಮೇಲೆ ತಿಕ್ಕಬೇಡಿ ಅದನ್ನ. ಕಪ್ಪಾದ್ರೆ ಕಪ್ಪಾಗಲಿ. ಯಾಕೆ ಕಪ್ಪಾಯ್ತು ಅಂತ ಫೋನ್ ಮಾಡಿ ಹೇಳಿ, ಸಾಕು."

"ಮಾಡಿದ್ರೆ ಬಣವೆ ಹತ್ತಿ ಎತ್ತಬೇಕಲ್ಲ ನೀವು," ಎಂದು ಗೊಣಗಿದಳು ಉರ್ಕಿಯಾ, ಮೂಗು ಸೊರಗುಟ್ಟಿಸುತ್ತ.

"ಹತ್ತುತ್ತೀನಿ. ನನ್ನ ಮೊಣಕಾಲು ಗಟ್ಟಿ ಇದೆ."

ಒಳಗೆ ಕಡಾಯಿ ಉಕ್ಕುವ ಸದ್ದಾಯಿತು. ಹಿಟ್ಟು ಇನ್ನೂ ಲಟ್ಟಿಸಿಲ್ಲ ಅಂತ ಉರ್ಕಿಯಾಗೆ ಆಗ ನೆನಪಾಯಿತು. ಅಯ್ಯೋ ಅನ್ನುತ್ತ ಕುಂಟಿಕೊಂಡು ಒಳಗೆ ಓಡಿದಳು, ಉಂಗುರದ ಕೈಯನ್ನು ಹಾಗೇ ಹಿಟ್ಟಿಗೆ ಇಳಿಸಿದಳು.